ಮಾಳಿಗೆ ಮೇಲೆ ಒಂದು ಗೇಣು ಜಾಗ

ಕಲಬುರಗಿ ಬೇಸಿಗೆ ಗೊತ್ತಲ್ವಾ, ರಾತ್ರಿಯಾದರೂ ಗೋಡೆ ಕಾದೇ ಇರುತ್ತದೆ. ಚಿಕ್ಕವರಿದ್ದಾಗ ಮಾಳಿಗೆ ಮೇಲೆ ಮಲಗುತ್ತಿದ್ದೆವು. ಆಯಿ ಕೌದಿ ಹಾಸಿ, ನನ್ನ ಪಕ್ಕ ಒಂದು ಗೇಣು ಜಾಗ ಬಿಡಿಸುತ್ತಿದ್ದಳು. "ಅದು ನಿನ್ನ ಕಾವಲು ದೂತಂದು, ಸರಿದು ಮಲಗವ್ವಾ." ಒಬ್ಬೊಬ್ಬರನ್ನೂ ಕಾಯೋಕೆ ದೇವರು ಒಬ್ಬ ದೂತನನ್ನು ಇಟ್ಟಿರುತ್ತಾನೆ ಅಂತ ನಮ್ಮ ನಂಬಿಕೆ. ಆಮೇಲೆ ಶಿಲುಬೆ ಗುರುತು, ಚಿಕ್ಕ ಪ್ರಾರ್ಥನೆ, ನಿದ್ದೆ.

ಮೊನ್ನೆ ಮಗಳು ಕೇಳಿದಳು, "ಅಮ್ಮಾ, ನಿನ್ನ ಆಯಿ ಸತ್ತು ದೇವದೂತ ಆದಳಾ?"

ಸುಮ್ನೆ ಹೌದು ಅಂದುಬಿಡಬಹುದಿತ್ತು. ಆದರೆ ನಮ್ಮ ಕಥೋಲಿಕ ಧರ್ಮಸಭೆ ಹಾಗೆ ಹೇಳುವುದಿಲ್ಲ. ದೂತರು ಬೇರೆಯೇ ಸೃಷ್ಟಿ. ಅವರಿಗೆ ಮೈಯಿಲ್ಲ, ಬುದ್ಧಿ ಇದೆ, ಸ್ವಂತ ಇಚ್ಛೆ ಇದೆ. ಚಿತ್ರದಲ್ಲಿ ಕಾಣುವ ರೆಕ್ಕೆ ಬರೀ ಸಂಕೇತ. ಮನುಷ್ಯರು ಸತ್ತ ಮೇಲೂ ಮನುಷ್ಯರೇ, ಕೊನೆಯ ದಿನ ಮೈಯೊಂದಿಗೇ ಎದ್ದು ಬರುವವರು. ಹಾಗಾಗಿ ನನ್ನ ಆಯಿ ಇನ್ನೂ ಆಯಿಯೇ, ನನಗೆ ಅದೇ ಬೇಕು.

ಬೈಬಲಿನ ಮತ್ತಾಯ 18:10ರಲ್ಲಿ ಯೇಸು ಈ ಚಿಕ್ಕವರ ಬಗ್ಗೆ ಹೇಳುತ್ತಾರೆ, ಅವರ ದೂತರು ಸ್ವರ್ಗದಲ್ಲಿ ತಂದೆಯ ಮುಖವನ್ನು ಯಾವಾಗಲೂ ನೋಡುತ್ತಿರುತ್ತಾರೆ ಅಂತ. ನನಗೆ ಜಾಸ್ತಿ ಹಿಡಿಸೋದು ಇದೇ. ಇರೋದು ನಮ್ಮ ಪಕ್ಕ, ಕಣ್ಣು ಮಾತ್ರ ದೇವರ ಮೇಲೆ.

ದೂತನಿಗೆ ಹೆಸರಿಡೋಣ ಅಂದಳು ಮಗಳು. ಬೇಡ ಅಂದೆ. ಬೈಬಲಿನಲ್ಲಿ ಬರುವ ಮಿಕಾಯೇಲ, ಗಬ್ರಿಯೇಲ, ರಫಾಯೇಲ ಬಿಟ್ಟು ಬೇರೆ ಹೆಸರಿಡುವುದು ಸರಿಯಲ್ಲ ಅಂತ ವ್ಯಾಟಿಕನ್ 2001ರಲ್ಲೇ ಹೇಳಿದೆ. ಹೆಸರಿಲ್ಲದೆಯೂ ಮಾತಾಡಬಹುದು, ಅಲ್ವಾ? ಅಕ್ಟೋಬರ್ 2ಕ್ಕೆ ಕಾವಲು ದೂತರ ಹಬ್ಬ, ಅವತ್ತು ಪೂಜೆಗೆ ಹೋಗೋಣ ಅಂದಿದ್ದೇನೆ.

ನಿನ್ನೆ ರಾತ್ರಿ ನೋಡಿದರೆ, ಮಂಚದ ತುಂಬಾ ಕಾಲು ಚಾಚುವ ಹುಡುಗಿ ಗೋಡೆ ಕಡೆ ಸರಿದು ಮಲಗಿದ್ದಳು.