ಬಂಗಿನ ಮುಖಕ್ಕೆ ಧಾರೆಯ ದಿನದ ಮೇಕಪ್

ನಲವತ್ತು ದಾಟಿದ ಮೇಲೆ ನನ್ನ ಮುಖದ ಬಣ್ಣ ಇದೇ ಎಂದು ಹೇಳುವುದು ಕಷ್ಟವಾಗಿದೆ. ಕೆನ್ನೆಯೆಲುಬಿನ ಮೇಲೂ ಮೇಲ್ದುಟಿಯ ಅಂಚಿನಲ್ಲೂ ಬಂಗು ಹರಡಿದೆ, ಮೂಗಿನ ಇಕ್ಕೆಲಗಳಲ್ಲಿ ಕೆಂಪು ಛಾಯೆಯಿದೆ, ಹಣೆಯ ಅಂಚು ಮತ್ತು ಬಾಯಿಯ ಸುತ್ತಲಿನ ಭಾಗ ಮೊದಲಿನಿಂದಲೂ ಕೆನ್ನೆಗಿಂತ ಕಪ್ಪು. ಮುಟ್ಟು ನಿಲ್ಲುವ ಕಾಲ ಹತ್ತಿರವಾದಂತೆ ಕೆನ್ನೆ ಒಣಗತೊಡಗಿದ್ದರೂ ಹಣೆ ಮಾತ್ರ ಜಿಡ್ಡಾಗಿಯೇ ಉಳಿದಿದೆ. ನಡುನಡುವೆ ಇದ್ದಕ್ಕಿದ್ದಂತೆ ಬಿಸಿಯೇರಿ ಇಡೀ ಮುಖ ಕೆಂಪಾಗುವುದೂ ಉಂಟು. ಇಂತಹ ಚರ್ಮದ ಮೇಲೆ, ಮಂಗಳೂರಿನ ಮೇ ತಿಂಗಳ ಸೆಕೆಯಲ್ಲಿ, ಧಾರೆಯ ಮುಹೂರ್ತದಿಂದ ಮಧ್ಯಾಹ್ನದ ಊಟದ ಕೊನೆಯ ಪಂಕ್ತಿಯವರೆಗೆ ನಿಲ್ಲುವ, ಆದರೆ ಬಳಿದುಕೊಂಡಂತೆ ಕಾಣದ ಮೇಕಪ್ ಸಾಧ್ಯವೇ ಎಂದು ನನ್ನ ವಯಸ್ಸಿನ ಹಲವರು ಕೇಳುತ್ತಾರೆ. ಖಂಡಿತ ಸಾಧ್ಯವಿದೆ, ಆದರೆ ಮುಖಕ್ಕೆಲ್ಲ ಹಚ್ಚುವ ಮೈಬಣ್ಣದ ಫೌಂಡೇಶನ್ ಕಡಿಮೆಯಾದಷ್ಟೂ ಮೇಕಪ್ ಹೆಚ್ಚು ಹೊತ್ತು ನಿಲ್ಲುತ್ತದೆ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು.

ಆರಂಭ ಸನ್‌ಸ್ಕ್ರೀನ್‌ನಿಂದ. ಬಂಗನ್ನು ಗಾಢವಾಗಿಸುವುದು ಬಿಸಿಲಿನ ಅತಿನೇರಳೆ ಕಿರಣ ಮಾತ್ರವಲ್ಲ. ಕಣ್ಣಿಗೆ ಕಾಣುವ ಬೆಳಕೂ, ವಿಶೇಷವಾಗಿ ನಮ್ಮಂತಹ ಕಂದು ಚರ್ಮದಲ್ಲಿ, ಅದನ್ನು ಹೆಚ್ಚಿಸುತ್ತದೆ. ಬಣ್ಣವಿಲ್ಲದ ಸಾಮಾನ್ಯ ಸನ್‌ಸ್ಕ್ರೀನ್ ಈ ಬೆಳಕನ್ನು ಸಾಕಷ್ಟು ತಡೆಯುವುದಿಲ್ಲ. ಕಂದು ಛಾಯೆ ಬೆರೆಸಿದ ಸನ್‌ಸ್ಕ್ರೀನ್‌ಗಳಲ್ಲಿ ಇರುವ ಐರನ್ ಆಕ್ಸೈಡ್ ತಡೆಯುತ್ತದೆ, ಜೊತೆಗೆ ಕಲೆಯ ಎದ್ದುಕಾಣುವಿಕೆಯನ್ನೂ ಅಷ್ಟಿಷ್ಟು ತಗ್ಗಿಸುತ್ತದೆ. ಫೌಂಡೇಶನ್‌ನಲ್ಲೇ ಎಸ್‌ಪಿಎಫ್ (ಬಿಸಿಲಿನಿಂದ ಸಿಗುವ ರಕ್ಷಣೆಯ ಅಳತೆ) ಇದೆಯಲ್ಲ ಎಂದು ಇದನ್ನು ಬಿಡುವಂತಿಲ್ಲ, ಏಕೆಂದರೆ ಎಸ್‌ಪಿಎಫ್ ಸಂಖ್ಯೆಯನ್ನು ಅಳೆಯುವುದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಲೇಪನದ ಲೆಕ್ಕದಲ್ಲಿ. ಅಷ್ಟು ದಪ್ಪ ಫೌಂಡೇಶನ್ ಹಚ್ಚಿಕೊಂಡರೆ ಯಕ್ಷಗಾನದ ವೇಷ ಕಟ್ಟುವ ಚೌಕಿಯಿಂದ ಎದ್ದು ಬಂದಂತಿರುತ್ತದೆ. ಎರಡು ಬೆರಳುಗಳ ಉದ್ದಕ್ಕೆ ಹಿಂಡಿದ ಸನ್‌ಸ್ಕ್ರೀನ್ ಅನ್ನು ಮುಖ ಮತ್ತು ಕುತ್ತಿಗೆಗೆ ಹಚ್ಚಿ, ಸೀರೆ ಉಟ್ಟು ಮುಗಿಯುವವರೆಗೆ ಅದನ್ನು ಕೂರಲು ಬಿಡುತ್ತೇನೆ. ಅವಸರ ಮಾಡಿದರೆ ಮೇಲಿನ ಪದರವು ಕೆಳಗಿನದನ್ನು ಎಬ್ಬಿಸಿಕೊಂಡು ಸಣ್ಣ ಸಣ್ಣ ಉಂಡೆಗಳಾಗಿ ಉದುರುತ್ತದೆ.

ನಿಜವಾದ ಕೆಲಸವಿರುವುದು ಕಲೆಯ ಮೇಲೆ. ನಮ್ಮ ಮೈಬಣ್ಣದಲ್ಲಿ ಬಂಗು ಬರಿಯ ಕಂದಾಗಿ ಕಾಣುವುದಿಲ್ಲ. ಬಣ್ಣ ಚರ್ಮದ ಒಳಪದರಕ್ಕೆ ಇಳಿದಲ್ಲಿ ಅದಕ್ಕೆ ಬೂದು ಅಥವಾ ನೀಲಿ ಛಾಯೆ ಬರುತ್ತದೆ. ಅದರ ಮೇಲೆ ನೇರವಾಗಿ, ಕಲೆ ಮರೆಸುವ ಮೈಬಣ್ಣದ ಕನ್ಸೀಲರ್ ಹಚ್ಚಿದರೆ ಬೂದುಬಣ್ಣ ಮೇಲೆದ್ದು ಬರುತ್ತದೆ, ಆಗ ಇನ್ನೊಂದು ಪದರ, ಅದರ ಮೇಲೆ ಮತ್ತೊಂದು. ಮಧ್ಯಾಹ್ನದ ವೇಳೆಗೆ ಬಿರಿಯುವುದು ಹೀಗೆ ಪೇರಿಸಿದ ಜಾಗವೇ. ನೀಲಿಯನ್ನು ತಣಿಸುವುದು ಕಿತ್ತಳೆ. ಆದುದರಿಂದ ಗೋಧಿಬಣ್ಣದವರು ಪೀಚ್ ಬಣ್ಣದ, ಅದಕ್ಕಿಂತ ಗಾಢ ಮೈಬಣ್ಣದವರು ಕಿತ್ತಳೆ ಬಣ್ಣದ ಕರೆಕ್ಟರ್, ಅಂದರೆ ಕಲೆಯ ಛಾಯೆಯನ್ನು ತಣಿಸುವ ಬಣ್ಣ, ಬಳಸಬೇಕು. ಒಂದೊಂದು ಕೆನ್ನೆಗೆ ಅಕ್ಕಿಕಾಳಿನಷ್ಟು ಸಾಕು. ಚಿಕ್ಕ ಕುಂಚದಿಂದ ಕಲೆಯ ಅತಿ ಗಾಢವಾದ ನಡುಭಾಗಕ್ಕೆ ಇಟ್ಟು, ಉಂಗುರದ ಬೆರಳಿನಿಂದ ಮೆಲ್ಲಗೆ ತಟ್ಟುತ್ತಾ ಅಂಚನ್ನು ಮಾತ್ರ ಹೊರಕ್ಕೆ ಕರಗಿಸಿ, ಒಂದೆರಡು ನಿಮಿಷ ಮುಟ್ಟದೆ ಬಿಟ್ಟರೆ ಅದು ಅಂಟಿಕೊಳ್ಳುತ್ತದೆ. ಬಳಿಕ ಅಷ್ಟೇ ಜಾಗಕ್ಕೆ ತೆಳುವಾದ ಕನ್ಸೀಲರ್. ಕೆಂಪು ತಗ್ಗಿಸಲು ಹಸಿರು ಕರೆಕ್ಟರ್ ಬೇಕೆಂದು ಎಲ್ಲರೂ ಹೇಳುತ್ತಾರೆ, ಆದರೆ ಕಂದು ಚರ್ಮದ ಮೇಲೆ ಹಸಿರು ಸುಲಭವಾಗಿ ಬೂದಿಯಂತಾಗುವುದರಿಂದ ನಾನು ಹಳದಿ ಛಾಯೆಯ ಕನ್ಸೀಲರನ್ನೇ ನೆಚ್ಚುತ್ತೇನೆ. ಇನ್ನು ಉಳಿದ ಮುಖಕ್ಕೆ, ಒದ್ದೆ ಮಾಡಿ ಹಿಂಡಿದ ಸ್ಪಂಜಿನಿಂದ ಒತ್ತಿದ ಒಂದೇ ತೆಳು ಪದರ ಫೌಂಡೇಶನ್ ಸಾಕಾಗುತ್ತದೆ. ಕಲೆಯ ನೆರಳು ಸ್ವಲ್ಪ ಕಾಣಲಿ. ಒಂದು ಚುಕ್ಕೆಯೂ ಇಲ್ಲದ ಮುಖ ಹತ್ತಿರದಿಂದ ನೋಡಿದಾಗ ಯಾರಿಗೂ ಸಹಜವೆನಿಸುವುದಿಲ್ಲ.

ಛಾಯೆ ಆರಿಸುವಾಗ ಅಂಗಡಿಯ ದೀಪವನ್ನು ನಂಬದೆ, ದವಡೆಯ ಮೇಲೊಂದು ಗೆರೆ ಎಳೆದುಕೊಂಡು ಹೊರಗಿನ ಬೆಳಕಿಗೆ ಬಂದು ಕುತ್ತಿಗೆಯೊಡನೆ ಹೋಲಿಸಿ, ಅರ್ಧ ಗಂಟೆಯ ನಂತರ ಇನ್ನೊಮ್ಮೆ ನೋಡಬೇಕು. ಹಲವು ಫೌಂಡೇಶನ್‌ಗಳು ಗಾಳಿ ಮತ್ತು ಜಿಡ್ಡು ಸೇರಿದ ಮೇಲೆ ಗಾಢವಾಗುತ್ತವೆ. ಮಾರುವವರು ಬಹುತೇಕ ಒಂದು ಹಂತ ಬಿಳಿಯ ಛಾಯೆಯನ್ನೇ ಮುಂದಿಡುತ್ತಾರೆ. ಮದುಮಗಳಿಗಂತೂ ಎರಡು ಹಂತ. ಬೆಳ್ಳಗೆ ಕಾಣಿಸುವ ಈ ಹಠದ ಫಲವನ್ನು ಫ್ಲ್ಯಾಶ್ ಹಾಕಿ ತೆಗೆದ ಚಿತ್ರಗಳಲ್ಲಿ ನೋಡಬಹುದು: ಬಿಳಿಯ ಮುಖ, ಕಂದು ಕೊರಳು. ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಹೆಚ್ಚಿರುವ ಕ್ರೀಮುಗಳೂ ಸಿಲಿಕಾ ಪುಡಿಯೂ ಫ್ಲ್ಯಾಶಿನ ಬೆಳಕನ್ನು ಹಿಂದಕ್ಕೆಸೆದು ಇದನ್ನು ಇನ್ನಷ್ಟು ಕೆಡಿಸುತ್ತವೆ. ಆದುದರಿಂದ ಮನೆಯಲ್ಲೇ ಒಂದು ಫ್ಲ್ಯಾಶ್ ಚಿತ್ರ ತೆಗೆದು ನೋಡಿ ಹೊರಡುವುದು ಒಳ್ಳೆಯದು.

ಪೌಡರ್ ಹಣೆ, ಮೂಗು ಮತ್ತು ಗದ್ದಕ್ಕೆ ಮಾತ್ರ, ಅದೂ ಪಫ್‌ನಿಂದ ಒತ್ತಿ. ಒಣಗಿದ ಕೆನ್ನೆಗೆ ಪೌಡರ್ ಹಾಕಿದರೆ ಗೆರೆಗಳಲ್ಲಿ ಕೂತು ವಯಸ್ಸನ್ನು ಸಾರುತ್ತದೆ. ಅಲ್ಲಿಗೆ ಇಟ್ಟಿಗೆ ಕೆಂಪಿನ ಕ್ರೀಮ್ ಬ್ಲಶ್ ಚೆನ್ನ. ಬಿಸಿಯೇರಿ ಕೆಂಪಾದಾಗಲೂ ಅದು ಬ್ಲಶ್‌ನೊಳಗೇ ಬೆರೆತುಹೋಗುತ್ತದೆ. ಬೆವರಿಗೆ ಮದ್ದು ಕರವಸ್ತ್ರ ಅಥವಾ ಟಿಶ್ಯೂ: ಒತ್ತಬೇಕು, ಒರೆಸಬಾರದು, ಸೆರಗಿನಿಂದಂತೂ ಬೇಡವೇ ಬೇಡ. ತೇವ ಹೀರಿಸದೆ ಮೇಲಿಂದ ಪೌಡರ್ ಹಾಕಿದರೆ ಹಿಟ್ಟು ಕಲಸಿದಂತಾಗುತ್ತದೆ. ಬಿಸಿಯೇರಿದ ಹೊತ್ತಿನಲ್ಲಿ ಏನನ್ನೂ ಹಚ್ಚದೆ ಫ್ಯಾನಿನ ಕೆಳಗೆ ನಿಂತು ಅದು ಇಳಿಯುವವರೆಗೆ ಕಾಯುವುದೇ ಸರಿ. ಹೋಮಕುಂಡದ ಬಳಿ ಕೂರುವವರೂ ಅಡುಗೆಯ ಒಲೆಯೆದುರು ನಿಲ್ಲುವವರೂ ನೆನಪಿಡಬೇಕಾದದ್ದೆಂದರೆ, ಬಂಗಿಗೆ ಬಿಸಿಲಿನಂತೆ ಶಾಖವೂ ಆಗದು.

ಮದುವೆ ಹತ್ತಿರ ಬಂದಾಗ ವೈದ್ಯರ ಚೀಟಿಯಿಲ್ಲದೆ ‘ಬಂಗಿನ ಕ್ರೀಮು’ ತಂದು ಹಚ್ಚುವವರಿದ್ದಾರೆ. ಇವುಗಳಲ್ಲಿ ಹಲವು ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮತ್ತು ಸ್ಟಿರಾಯ್ಡ್ ಬೆರೆತ ಔಷಧಿಗಳು. ಚರ್ಮರೋಗ ತಜ್ಞರು ಇವನ್ನು ನಿರ್ದಿಷ್ಟ ಅವಧಿಗಷ್ಟೇ ಕೊಡುತ್ತಾರೆ. ತಿಂಗಳುಗಟ್ಟಲೆ ತಾವೇ ಹಚ್ಚಿಕೊಂಡವರ ಚರ್ಮ ತೆಳುವಾಗಿ, ರಕ್ತನಾಳಗಳು ಕಾಣತೊಡಗಿ, ಮೊಡವೆಗಳೆದ್ದು, ನಿಲ್ಲಿಸಿದೊಡನೆ ಬಂಗು ಮರಳುವ ಸಂಭವವಿದೆ. ನಿಂಬೆರಸವನ್ನು ತಿಕ್ಕುವುದೂ ಬೇಡ. ಉರಿಯೆದ್ದ ಕಂದು ಚರ್ಮ ಆಮೇಲೆ ಕಪ್ಪಾಗುತ್ತದೆ. ಇದೇ ಕಾರಣಕ್ಕೆ ರಾತ್ರಿ ಮೇಕಪ್ ತೆಗೆಯುವಾಗಲೂ ಹತ್ತಿಯಿಂದ ಉಜ್ಜದೆ, ಕ್ಲೆನ್ಸಿಂಗ್ ಆಯಿಲ್‌ನಲ್ಲಿ ಬೆರಳಾಡಿಸಿ ಕರಗಿಸಿ, ಸೌಮ್ಯವಾದ ಫೇಸ್‌ವಾಶ್‌ನಿಂದ ತೊಳೆದು, ಮುಖ ಇನ್ನೂ ತೇವವಾಗಿರುವಾಗಲೇ ಮಾಯಿಶ್ಚರೈಸರ್ ಹಚ್ಚುತ್ತೇನೆ.