ನಮ್ಮ ಬರಸೀಮೆಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಜೊತೆ ಬದುಕುವವರಿಗೆ

ಪ್ರಾಸ್ಟೇಟ್, ಅಂದರೆ ಗಂಡಸರ ಮೂತ್ರಚೀಲದ ಕೆಳಗಿರುವ ಗ್ರಂಥಿಯ ಕ್ಯಾನ್ಸರ್ ಬಂದವರು ಊರಲ್ಲಿ ಬಾಯಿ ಬಿಡುವುದಿಲ್ಲ. ಕೇಳಿದರೆ "ಬೆನ್ನುನೋವು" ಅಂದು ಸುಮ್ಮನಾಗುತ್ತಾರೆ. ಬಾಗೇಪಲ್ಲಿ, ಪಾವಗಡದ ಕಡೆ ಆ ಉತ್ತರವನ್ನು ಯಾರೂ ಮತ್ತೆ ಕೆದಕುವುದಿಲ್ಲ. ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಅಲ್ಲಿ ಕೀಲುನೋವು, ಬೆನ್ನುನೋವು ಮನೆಮಾತು. ಅಪಾಯ ಇರುವುದೇ ಅಲ್ಲಿ. ಈ ಕ್ಯಾನ್ಸರ್ ಹರಡಿದರೆ ಹೆಚ್ಚಾಗಿ ಹಿಡಿಯುವುದು ಬೆನ್ನುಮೂಳೆ ಮತ್ತು ಸೊಂಟದ ಮೂಳೆಯನ್ನೇ. ಫ್ಲೋರೋಸಿಸ್ (ಫ್ಲೋರೈಡ್ ಸೇರಿ ಬರುವ ಮೂಳೆರೋಗ) ಆದ ಮೂಳೆಯೂ ಕ್ಯಾನ್ಸರ್ ಹರಡಿದ ಮೂಳೆಯೂ ಎಕ್ಸ್‌ರೇಯಲ್ಲಿ ಒಂದೇ ಥರ ಗಟ್ಟಿಯಾಗಿ, ಬೆಳ್ಳಗೆ ಕಾಣಬಹುದು. ಎಷ್ಟು ವರ್ಷ ಯಾವ ಊರಿನ ಬೋರ್‌ವೆಲ್ ನೀರು ಕುಡಿದಿದ್ದೀರಿ ಎಂಬುದನ್ನು ಡಾಕ್ಟರು ಕೇಳದಿದ್ದರೂ ನೀವೇ ಹೇಳಿ. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿದ್ದರೆ ಅದು ಫ್ಲೋರೋಸಿಸ್‌ನ ಗುರುತು. ಆದರೆ ಒಬ್ಬರಿಗೇ ಎರಡೂ ಇರಬಹುದು, ಹಾಗಾಗಿ ಪ್ರಾಸ್ಟೇಟಿನ ಪ್ರೋಟೀನ್ ರಕ್ತದಲ್ಲಿ ಎಷ್ಟಿದೆ ಎಂದು ತೋರಿಸುವ ಪಿಎಸ್‌ಎ ರಕ್ತಪರೀಕ್ಷೆ ತಪ್ಪಿಸಬೇಡಿ.

ಪಿಎಸ್‌ಎಗೆ ರಕ್ತ ಕೊಡುವ ಮುಂಚಿನ ಎರಡು ದಿನ ಸೈಕಲ್ ತುಳಿಯುವುದು ಬೇಡ, ಹೆಂಡತಿಯ ಜೊತೆ ಸೇರುವುದೂ ಬೇಡ. ಮೂತ್ರದಲ್ಲಿ ಸೋಂಕಾಗಿದ್ದರೆ ಅದು ವಾಸಿಯಾಗಿ ಆರು ವಾರ ಕಳೆಯಲಿ. ಪ್ರತಿಸಲವೂ ಒಂದೇ ಲ್ಯಾಬಿಗೆ ಹೋಗಿ.

ಇನ್ನು ಜೊತೆಗಾರರ ಮಾತು. ಈ ಕ್ಯಾನ್ಸರ್ ತಡೆಯಲು ಗಂಡಸಿನ ಹಾರ್ಮೋನ್ ಇಳಿಸುವ ಇಂಜೆಕ್ಷನ್ ಸಾಮಾನ್ಯವಾಗಿ ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಇರುತ್ತದೆ. ಆ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕೂತವರನ್ನು ಮಾತಾಡಿಸಿ, ಊರು ಯಾವುದು ಅಂತ ಕೇಳಿ. ಒಂದೇ ತಾಲ್ಲೂಕಿನ ನಾಲ್ಕೈದು ಜನ ಸಿಕ್ಕರೆ ಸಾಕು. ತಿಂಗಳಿಗೊಮ್ಮೆ, ಶೌಚಾಲಯ ಹತ್ತಿರವಿರುವ ಜಾಗದಲ್ಲಿ ಸೇರಿ. ಆಪರೇಷನ್ ಆದವರಿಗೆ ಉಚ್ಚೆ ಸೋರುತ್ತಿರುತ್ತದೆ. ಅರಳಿಕಟ್ಟೆಯಲ್ಲಿ ಸೇರೋಣ ಎಂದರೆ ಅವರು ಬರುವುದೇ ಇಲ್ಲ. ಸೋರುವವರು ಉಚ್ಚೆ ತಡೆಯುವಂತೆ ಸ್ನಾಯುವನ್ನು ಐದು ಸೆಕೆಂಡ್ ಬಿಗಿಹಿಡಿದು, ಅಷ್ಟೇ ಹೊತ್ತು ಸಡಿಲ ಬಿಡಬೇಕು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಕ್ಯಾತಿಟರ್ (ಉಚ್ಚೆ ಹೋಗಲು ಹಾಕುವ ಕೊಳವೆ) ಇರುವಾಗ ಮಾಡಬಾರದು. ಉಸಿರು ಕಟ್ಟಿ ಹೊಟ್ಟೆ ಬಿಗಿಮಾಡುವುದು ಎಲ್ಲರೂ ಮಾಡುವ ತಪ್ಪು.

ಹೆಂಗಸರನ್ನೂ ಕರೆತನ್ನಿ, ಅವರಿಗೆ ಬೇರೆಯಾಗಿ ಮಾತಾಡಲು ಬಿಡಿ. ಮೈ ಧಗಧಗ ಅನ್ನುವುದು, ರೇಗುವುದು, ಆಸೆಯೇ ಆರಿಹೋಗುವುದು ಇವೆಲ್ಲ ಗಂಡಸಿನ ಹಾರ್ಮೋನ್ ಇಳಿಸುವ ಮದ್ದಿನಿಂದ ಆಗುವುದು. ಗಂಡನಿಗೆ ತನ್ನ ಮೇಲೆ ಮನಸ್ಸೇ ಇಲ್ಲವಾಯಿತು ಅಂದುಕೊಂಡು ಒಳಗೇ ಕೊರಗುವವರು ಅನೇಕರು. ಡಾಕ್ಟರು ಹೇಳಿದ್ದಕ್ಕಿಂತ ಇನ್ನೊಬ್ಬ ರೋಗಿಯ ಮಡದಿ ಹೇಳಿದ್ದು ಅವರಿಗೆ ಬೇಗ ನಾಟುತ್ತದೆ.

ಕೂಟದಲ್ಲಿ ಒಂದು ಮಾತ್ರ ಬೇಡ: ಒಬ್ಬರ ಚೀಟಿ ನೋಡಿ ಇನ್ನೊಬ್ಬರು ಮಾತ್ರೆ ನುಂಗುವುದು. ಗಂಡಸಿನ ಹಾರ್ಮೋನ್ ತಯಾರಾಗದಂತೆ ತಡೆಯುವ ಅಬಿರಾಟೆರೋನ್ ಮಾತ್ರೆಯ ರೂಢಿಯ ಡೋಸ್ ದಿನಕ್ಕೆ 1000 ಮಿಲಿಗ್ರಾಂ, ಖಾಲಿ ಹೊಟ್ಟೆಗೆ: ಊಟವಾಗಿ ಎರಡು ಗಂಟೆ ಕಳೆದ ಮೇಲೆ ನುಂಗಿ, ಮತ್ತೆ ಒಂದು ಗಂಟೆ ಏನೂ ತಿನ್ನಬಾರದು. ಕೆಲವು ಡಾಕ್ಟರು ಖರ್ಚು ಉಳಿಸಲೆಂದು 250 ಮಿಲಿಗ್ರಾಂ ಮಾತ್ರ ಬರೆದು, ಊಟದ ಜೊತೆ ತಗೊಳ್ಳಿ ಅನ್ನುತ್ತಾರೆ. ಎರಡನ್ನೂ ಬೆರೆಸಿ 1000 ಮಿಲಿಗ್ರಾಂ ಅನ್ನು ಮುದ್ದೆ ಉಂಡು ನುಂಗಿದರೆ ಮದ್ದು ಹಲವು ಪಟ್ಟು ರಕ್ತಕ್ಕೆ ಸೇರುತ್ತದೆ. ಜೊತೆಗೆ ಕೊಡುವ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನು ಥಟ್ಟನೆ ನಿಲ್ಲಿಸಬೇಡಿ. ಬಿಪಿ, ಪೊಟ್ಯಾಶಿಯಂ, ಲಿವರ್ ನೋಡಿಸುತ್ತಿರಿ.

ಹಾರ್ಮೋನ್ ಚಿಕಿತ್ಸೆ ಮೂಳೆಯನ್ನೂ ಸವೆಸುತ್ತದೆ. ರಾಗಿ ನಮ್ಮ ಭಾಗ್ಯ. 100 ಗ್ರಾಂನಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ನೀರು ಮಾತ್ರ ಶುದ್ಧ ನೀರಿನ ಘಟಕದ್ದೇ ಇರಲಿ, ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಮೂಳೆ ಕಾಯಲು ಕೊಡುವ ಜೋಲೆಡ್ರಾನಿಕ್ ಆಸಿಡ್ ಇಂಜೆಕ್ಷನ್ ಶುರುವಾಗುವ ಮೊದಲೇ ಹುಳುಕು ಹಲ್ಲು ಕೀಳಿಸಿ. ಆಮೇಲೆ ಕಿತ್ತರೆ ದವಡೆಯ ಗಾಯ ಮಾಯದೆ ಉಳಿಯಬಹುದು.

ಖರ್ಚಿಗೆ ಸರ್ಕಾರದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಇದೆ: ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೊರಡುವ ಮುಂಚೆ ರೇಷನ್ ಕಾರ್ಡ್, ಆಧಾರ್, ಜಿಲ್ಲಾಸ್ಪತ್ರೆಯ ರೆಫರಲ್ ಚೀಟಿ, ಬಯಾಪ್ಸಿ (ಗ್ರಂಥಿಯ ತುಣುಕು ತೆಗೆದು ಮಾಡಿದ ಪರೀಕ್ಷೆ) ರಿಪೋರ್ಟ್ ಮತ್ತು ಬ್ಲಾಕ್ (ಆ ತುಣುಕು ಇರುವ ಮೇಣದ ಅಚ್ಚು) ಒಂದೇ ಚೀಲದಲ್ಲಿಡಿ. ಮನಸ್ಸು ಕುಗ್ಗಿದಾಗ ಸರ್ಕಾರದ ಮಾನಸಿಕ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಬೆನ್ನುನೋವಿನ ಜೊತೆ ಕಾಲು ಸೋತರೆ, ತೊಡೆಸಂದು ಜೋಮು ಹಿಡಿದರೆ, ಉಚ್ಚೆ ಕಟ್ಟಿದರೆ ಬೆನ್ನುಹುರಿ ಅದುಮಿದೆ ಎಂದೇ ತಿಳಿಯಿರಿ. ಅದು ಫ್ಲೋರೈಡ್ ನೋವು ಅಂತ ಬೆಳಗಿನವರೆಗೆ ಕಾಯಬೇಡಿ. ತಡವಾದರೆ ಕಾಲು ಮರಳಿ ಬರುವುದಿಲ್ಲ. 108ಕ್ಕೆ ಫೋನ್ ಮಾಡಿ. ರಾತ್ರಿ ಕರೆದರೂ ಬರುವ ಕಾರಿನವರ ನಂಬರು ಕೂಟದ ಪ್ರತಿ ಮನೆಯ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿರಲಿ.