ಉಪ್ಪು, ಹಿಟ್ಟು ಮತ್ತು ಅಂತರ್ಯುದ್ಧ

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ನಮ್ಮ ಮನೆಗೆ ಊರಿನಿಂದ ಯಾರು ಬಂದರೂ ಡರ್‌ಹಮ್‌ನ ಬೆನೆಟ್ ಪ್ಲೇಸ್‌ಗೆ ಕರೆದುಕೊಂಡು ಹೋಗುತ್ತೇವೆ. ರೈತನ ಪುಟ್ಟ ಮರದ ಮನೆ ಅದು. (ಹಳೆಯದು ಸುಟ್ಟುಹೋಗಿ ಮತ್ತೆ ಕಟ್ಟಿದ್ದು.) 1865ರ ಏಪ್ರಿಲ್ 26ರಂದು ದಕ್ಷಿಣದ ಜನರಲ್ ಜಾನ್‌ಸ್ಟನ್ ಉತ್ತರದ ಶೆರ್ಮನ್‌ಗೆ ಶರಣಾದದ್ದು ಇಲ್ಲೇ. ಸುಮಾರು 90 ಸಾವಿರ ಸೈನಿಕರು. ಗುಲಾಮಗಿರಿ ಉಳಿಸಿಕೊಳ್ಳಲು ದೇಶದಿಂದ ಬೇರೆಯಾದ ದಕ್ಷಿಣದ ರಾಜ್ಯಗಳಿಗೂ ಉತ್ತರದವರಿಗೂ ನಡೆದ ಅಮೆರಿಕದ ಅಂತರ್ಯುದ್ಧದ ಅತಿ ದೊಡ್ಡ ಶರಣಾಗತಿ.

ಬಂದವರೆಲ್ಲ ಕೇಳುವುದು ಒಂದೇ. 'ಈ ರಾಜ್ಯದವರೆಲ್ಲ ಗುಲಾಮರನ್ನು ಇಟ್ಟುಕೊಂಡವರ ಕಡೆ ಅಲ್ವಾ?'

ಎಲ್ಲರೂ ಅಲ್ಲ. 1861ರ ಮೇ 20ರಂದು ರಾಜ್ಯ ಅಮೆರಿಕದ ಒಕ್ಕೂಟದಿಂದ ಹೊರಬಂದು ದಕ್ಷಿಣದ ಕಡೆ ಸೇರಿತು ನಿಜ. ಆದರೆ ಅದೇ ಫೆಬ್ರವರಿಯಲ್ಲಿ, ಆ ವಿಚಾರಕ್ಕೆ ಸಭೆ ಸೇರುವುದೇ ಬೇಡ ಎಂದು ಮತದಾರರು ಹೇಳಿದ್ದರು. ಅಂತರ ಸ್ವಲ್ಪವೇ, ಇರಲಿ. ಮರುವರ್ಷ ದಕ್ಷಿಣದ ಸರ್ಕಾರ ತಂದ ಕಾನೂನು ಉರಿಯುವ ಬೆಂಕಿಗೆ ತುಪ್ಪ ಸುರಿಯಿತು. 20 ಗುಲಾಮರಿರುವ ತೋಟಕ್ಕೆ ಒಬ್ಬ ಬಿಳಿಯನಿಗೆ ಸೈನ್ಯದಿಂದ ವಿನಾಯಿತಿ. ಬಡ ರೈತನಿಗೆ ಅಂಥದ್ದೇನೂ ಇಲ್ಲ.

ಪಶ್ಚಿಮದ ಗುಡ್ಡಗಾಡು ಮ್ಯಾಡಿಸನ್ ಕೌಂಟಿಯಲ್ಲಿ ಒಕ್ಕೂಟದ ಪರ ಇದ್ದವರು ಬಹಳ. ಅವರಿಗೆ ಉಪ್ಪು ಸಿಗುತ್ತಿರಲಿಲ್ಲ. ಉಪ್ಪಿಲ್ಲದಿದ್ದರೆ ಚಳಿಗಾಲಕ್ಕೆ ಹಂದಿಮಾಂಸ ಕೆಡದಂತೆ ಇಡುವುದು ಹೇಗೆ? 1863ರ ಜನವರಿಯಲ್ಲಿ ಮಾರ್ಷಲ್ ಪಟ್ಟಣಕ್ಕೆ ನುಗ್ಗಿ ಉಪ್ಪು ಹೊತ್ತೊಯ್ದರು. ಸೇಡಿಗೆ ಬಂದ ದಕ್ಷಿಣದ ಪಡೆಯಲ್ಲಿ ಅದೇ ಸೀಮೆಯ ಹುಡುಗರಿದ್ದರು. ಶೆಲ್ಟನ್ ಲಾರೆಲ್ ಕಣಿವೆಯಲ್ಲಿ ಹೆಂಗಸರಿಗೆ ಹೊಡೆದು ಬಾಯಿಬಿಡಿಸಲು ನೋಡಿದರು. ಆಮೇಲೆ 13 ಜನರನ್ನು ಗುಂಡಿಟ್ಟು ಕೊಂದರು. ಎಲ್ಲರಿಗಿಂತ ಚಿಕ್ಕವನಿಗೆ 13 ವರ್ಷ. ಕೊಂದವರಿಗೂ ಸತ್ತವರಿಗೂ ಪರಸ್ಪರ ಗುರುತಿತ್ತು. ನನ್ನನ್ನು ಜಾಸ್ತಿ ಕಾಡುವುದು ಅದೇ.

ಅದೇ ಮಾರ್ಚ್‌ನಲ್ಲಿ ಸಾಲ್ಸ್‌ಬರಿಯಲ್ಲಿ ಸೈನಿಕರ ಹೆಂಡತಿಯರು ಕೊಡಲಿ ಹಿಡಿದು ಅಂಗಡಿಗಳಿಗೆ ಹೋದರು. ಬೆಲೆ ಏರಲೆಂದು ವ್ಯಾಪಾರಿಗಳು ಸರಕು ಬಚ್ಚಿಟ್ಟಿದ್ದಾರೆ ಎನ್ನುವ ಸಿಟ್ಟು. ಹಿಟ್ಟಿನ ಪೀಪಾಯಿಗಳನ್ನು ಉರುಳಿಸಿಕೊಂಡೇ ಹೋದರು.

ಇನ್ನು ಗುಲಾಮರಾಗಿದ್ದವರ ಕಥೆ. ರಾಜ್ಯದ ಜನರಲ್ಲಿ ಮೂವರಲ್ಲಿ ಒಬ್ಬರು ಅವರೇ. ಅಬ್ರಹಾಂ ಗ್ಯಾಲೋವೇ 1857ರಲ್ಲಿ ವಿಲ್ಮಿಂಗ್ಟನ್‌ನಿಂದ ಹಡಗಿನಲ್ಲಿ ಅಡಗಿ ಪಾರಾದವರು. ಯುದ್ಧ ಶುರುವಾದ ಮೇಲೆ ಉತ್ತರದ ಗೂಢಚಾರರಾಗಿ ವಾಪಸ್ ಬಂದರು. ನ್ಯೂಬರ್ನ್‌ನಲ್ಲಿ ಕಪ್ಪು ಜನರನ್ನು ಸೈನ್ಯಕ್ಕೆ ಕರೆಯಲು ಬಂದ ಬಿಳಿಯನನ್ನು ರಾತ್ರಿ ಅಟ್ಟಕ್ಕೆ ಕರೆಸಿ, ಪಿಸ್ತೂಲು ಹಿಡಿದು ಷರತ್ತು ಹಾಕಿದರಂತೆ: ಸಮಾನ ಸಂಬಳ, ಮನೆಯವರಿಗೆ ಆಸರೆ, ಮಕ್ಕಳಿಗೆ ಶಾಲೆ. ಆಮೇಲೆ ಸಾವಿರಾರು ಜನ ಸೇರಿದರು. 1864ರಲ್ಲಿ ಲಿಂಕನ್ ಎದುರು ಮತದಾನದ ಹಕ್ಕು ಕೇಳಿದ ನಿಯೋಗದಲ್ಲೂ ಗ್ಯಾಲೋವೇ ಇದ್ದರು. 1868ರಲ್ಲಿ ಅವರೇ ರಾಜ್ಯದ ಸೆನೆಟ್‌ಗೆ ಆರಿಸಿ ಬಂದರು. ಶಾಲೆಗಾಗಿ ಪಟ್ಟು ಹಿಡಿದ ಈ ಮನುಷ್ಯನಿಗೆ ಓದು ಬರಹ ಬರುತ್ತಿರಲಿಲ್ಲ.